“ಮನೇಲಿ ಹೇಳ್ಕೊಡಿ” ಅನ್ನೋ ಮಾತಿಗೂ ಒಂದು ಚರಿತ್ರೆ ಇದೆ



ಬರಹ ಸ್ವಲ್ಪ ಉದ್ದ ಇದೆ. ಪುರುಸೊತ್ತು ಮಾಡ್ಕೊಂಡು ಓದಿ. ಮನೇಲಿ ಚಿಕ್ಕ ಮಕ್ಕಳಿದ್ದವರು ತಪ್ಪದೆ ಓದಿ.

ಜೂನ್ ಬಂದ್ರೆ ನಮ್ಮ ಕೇರಿಗಳಲ್ಲಿ ಒಂದು ಮಾತು ಕೇಳಿಸುತ್ತೆ. ಒಂದನೇ ಕ್ಲಾಸಿಗೆ ಕೂಸನ್ನ ಸೇರಿಸಿ ಬಂದ ತಾಯಿ ಮುಖ ಸಣ್ಣ ಮಾಡ್ಕೊಂಡು ಹೇಳ್ತಾಳೆ: “ಮೇಷ್ಟ್ರು ಮನೇಲೂ ಸ್ವಲ್ಪ ಹೇಳ್ಕೊಡಿ ಅಂದ್ರು, ನಂಗೆ ಎಲ್ಲಿ ಬರುತ್ತೆ?” ಮೇಷ್ಟ್ರು ಕೆಟ್ಟ ಮನಸ್ಸಿಂದ ಹೇಳಿದ್ದಲ್ಲ. ಆದರೆ ಆ ಮಾತಿನ ಒಳಗೆ ಒಂದು ನಂಬಿಕೆ ಕೂತಿದೆ: ಎಲ್ಲರ ಮನೆಯಲ್ಲೂ ಅಕ್ಷರ ಮೊದಲಿಂದಲೂ ಇದೆ, ಅದನ್ನ ಮಗುವಿಗೆ ಕೊಡೋದಕ್ಕೆ ತಂದೆತಾಯಿ ಸೋಮಾರಿತನ ಮಾಡ್ತಿದ್ದಾರೆ ಅಷ್ಟೆ ಅಂತ.

ನಮ್ಮ ಮನೆಗಳಿಗೆ ಅಕ್ಷರ ಹೇಗೆ ಬಂತು, ಯಾವ ದಾರೀಲಿ ಬಂತು, ಎಷ್ಟು ತಡವಾಗಿ ಬಂತು ಅನ್ನೋದು ಗೊತ್ತಿದ್ರೆ ಆ ತಾಯಿ ಮುಖ ಸಣ್ಣ ಮಾಡ್ಕೋಬೇಕಾಗಿಲ್ಲ. ಅದಕ್ಕೇ ಇದನ್ನ ಬರೀತಿದ್ದೀನಿ.

ಇನ್ನೂರು ವರ್ಷ ಹಿಂದೆ ಹೋಗೋಣ. 1822ರಲ್ಲಿ ಮದ್ರಾಸಿನ ಗವರ್ನರ್ ಥಾಮಸ್ ಮನ್ರೋ ತನ್ನ ಕೈಕೆಳಗಿನ ಜಿಲ್ಲೆಗಳಲ್ಲಿ ಎಷ್ಟು ಶಾಲೆ ಇವೆ, ಯಾರು ಓದ್ತಾರೆ ಅಂತ ಲೆಕ್ಕ ಕೇಳಿದ. ಆಗ ಬಳ್ಳಾರಿ ಮದ್ರಾಸಿಗೆ ಸೇರಿತ್ತು. ಅಲ್ಲಿನ ಕಲೆಕ್ಟರ್ ಕ್ಯಾಂಪ್‌ಬೆಲ್ 1823ರ ಆಗಸ್ಟಿನಲ್ಲಿ ಉತ್ತರ ಬರೆದ. ಒಂಬತ್ತು ಲಕ್ಷ ದಾಟಿದ ಜನಸಂಖ್ಯೆಗೆ 533 ಶಾಲೆ, ಓದುವ ಮಕ್ಕಳು 6,641. ಅದರಲ್ಲಿ ಹೆಣ್ಣುಮಕ್ಕಳು 60. ಇಡೀ ಜಿಲ್ಲೆಗೆ ಅರವತ್ತೇ ಅರವತ್ತು.

ಅವನು ಬರೀ ಲೆಕ್ಕ ಕೊಟ್ಟು ಸುಮ್ಮನಾಗಲಿಲ್ಲ, ಮಕ್ಕಳು ಅಕ್ಷರ ಕಲಿಯೋ ರೀತಿಯನ್ನೂ ಬರೆದಿಟ್ಟ. ಐದು ವರ್ಷ ತುಂಬಿದ ಹುಡುಗನನ್ನ ಕೂರಿಸಿ, ಮೇಷ್ಟ್ರು ಅವನ ಬೆರಳು ಹಿಡಿದು ಅಕ್ಕಿ ಮೇಲೆ ದೇವರ ಹೆಸರು ಬರೆಸ್ತಿದ್ದರು. ಆಮೇಲೆ ಮರಳ ಮೇಲೆ ಬೆರಳಲ್ಲಿ ತಿದ್ದೋದು. ಕೈ ಕುದುರಿದ ಮೇಲೆ ಹಲಗೆ, ಕಡತ. ಬಟ್ಟೆಗೆ ಗಂಜಿ ಮತ್ತು ಇದ್ದಿಲ ಪುಡಿ ಬಳಿದು, ಒಣಗಿಸಿ, ಮಡಚಿ ಇಟ್ಟುಕೊಳ್ಳೋ ಕಪ್ಪು ಹಾಳೆಯೇ ಕಡತ. ಅದರ ಮೇಲೆ ಬಳಪದಲ್ಲಿ ಬರೀತಿದ್ದರು, ಒರೆಸಿ ಮತ್ತೆ ಬರೀತಿದ್ದರು. ದೊಡ್ಡ ಹುಡುಗರು ಚಿಕ್ಕವರಿಗೆ ಹೇಳ್ಕೊಡ್ತಿದ್ದರು. ಈ ಪದ್ಧತಿ ಎಷ್ಟು ಚೆನ್ನಾಗಿದೆ ಅಂದರೆ ಇಂಗ್ಲೆಂಡಿನವರೇ ಇದನ್ನ ನಕಲು ಮಾಡಿದ್ದಾರೆ ಅಂತ ಕ್ಯಾಂಪ್‌ಬೆಲ್ ಮೆಚ್ಚಿ ಬರೆದಿದ್ದಾನೆ.

ಈಗ ಒಂದು ಕ್ಷಣ ಯೋಚನೆ ಮಾಡಿ. ಮರಳು. ಬೆರಳು. ಇಷ್ಟರಲ್ಲಿ ದುಡ್ಡು ಬೇಕಾದ್ದು ಯಾವುದು? ಹೊಳೆದಂಡೆಯ ಮರಳು ಹೊರೋರು ನಾವೇ. ಇದ್ದಿಲು ಸುಡೋರೂ ನಾವೇ. ನಮ್ಮ ಕೇರಿಯ ಕೂಸಿಗೂ ಐದು ಬೆರಳಿದ್ದವು. ಬಡತನದಿಂದ ನಮ್ಮೋರು ಓದಲಿಲ್ಲ ಅಂತ ಈಗಲೂ ಕೆಲವರು ಹೇಳ್ತಾರಲ್ಲ, ಅವರಿಗೆ ಈ ಮರಳನ್ನ ತೋರಿಸಿ. ಇಲ್ಲದ್ದು ಮರಳಲ್ಲ. ಆ ಬೆರಳು ಹಿಡಿಯೋಕೆ ಒಂದು ಕೈ ಇರಲಿಲ್ಲ. ಊರ ಜಗಲಿ ಮೇಲೆ, ಗುಡಿ ಪಡಸಾಲೇಲಿ, ಮಠದಲ್ಲಿ ನಡೀತಿದ್ದ ಆ ಶಾಲೆಗಳ ಹತ್ತಿರಕ್ಕೂ ಹೊಲಗೇರಿ, ಮಾದಿಗೇರಿಯ ಮಕ್ಕಳು ಸುಳಿಯೋ ಹಾಗಿರಲಿಲ್ಲ. ಮುಟ್ಟಿದರೆ ಮೈಲಿಗೆ ಅನ್ನೋ ಊರಲ್ಲಿ ಬೆರಳು ಹಿಡಿದು ತಿದ್ದಿಸೋದು ಹೇಗೆ?

ಕಡತ ಅನ್ನೋ ಪದ ಗಮನಿಸಿ. ಇವತ್ತು ತಾಲ್ಲೂಕು ಕಚೇರೀಲಿ ಫೈಲಿಗೆ ಕಡತ ಅಂತೀವಿ. ಮಕ್ಕಳು ಅಕ್ಷರ ತಿದ್ದೋದೂ ಕಡತದಲ್ಲೇ, ಊರ ಲೆಕ್ಕ ಬರೆಯೋದೂ ಕಡತದಲ್ಲೇ. ತಿದ್ದೋಕೆ ಸಿಗದವನಿಗೆ ಲೆಕ್ಕ ಓದೋಕೂ ಸಿಗಲಿಲ್ಲ. ಸರ್ಕಾರ ಕೊಟ್ಟ ಜಮೀನು ಹೆಬ್ಬೆಟ್ಟಿನ ಒಂದೇ ಒಂದು ಗುರುತಿಗೆ ಬೇರೆಯವರ ಪಾಲಾದ ಕಥೆ ಕರ್ನಾಟಕದ ಯಾವ ಜಿಲ್ಲೇಲಿ ಇಲ್ಲ ಹೇಳಿ? ಹಾಗೆ ಹೋದ ಭೂಮಿ ವಾಪಸ್ ಕೊಡಿಸೋಕೆ ಅಂತಲೇ 1978ರಲ್ಲಿ ಪಿಟಿಸಿಎಲ್ ಕಾಯ್ದೆ ತರಬೇಕಾಯ್ತು. ಅಕ್ಷರ ಅಂದ್ರೆ ಬರೀ ನೌಕರಿಯ ಮಾತಲ್ಲ. ಅಕ್ಷರ ಅಂದ್ರೆ ಜಮೀನೂ ಹೌದು.

ಇನ್ನು ಧಾರವಾಡಕ್ಕೆ ಬನ್ನಿ. 1856, ಜೂನ್ ತಿಂಗಳು. ಹೌದು, ಅದೂ ಜೂನ್. ಒಬ್ಬ ಮಹಾರ್ ಹುಡುಗ ಧಾರವಾಡದ ಸರ್ಕಾರಿ ಶಾಲೆಗೆ ಸೇರಿಸ್ಕೊಳ್ಳಿ ಅಂತ ಅರ್ಜಿ ಹಾಕಿದ. ಅದು ಖಾಸಗಿ ಶಾಲೆಯಲ್ಲ, ಮಠದ ಶಾಲೆಯಲ್ಲ, ಎಲ್ಲರ ತೆರಿಗೆ ದುಡ್ಡಿನ ಸರ್ಕಾರಿ ಶಾಲೆ. ಸೇರಿಸ್ಕೊಳ್ಳಲಿಲ್ಲ. ವಿಷಯ ಬಾಂಬೆ ಸರ್ಕಾರದವರೆಗೆ ಹೋಯ್ತು. ಜುಲೈ 21ಕ್ಕೆ ಸರ್ಕಾರದ ಠರಾವು ಬಂತು. ಅದರ ತಾತ್ಪರ್ಯ ಇಷ್ಟು: ನ್ಯಾಯ ಈ ಹುಡುಗನ ಕಡೆಗೇ ಇದೆ, ಅದರಲ್ಲಿ ಅನುಮಾನ ಇಲ್ಲ. ಆದರೆ ಒಬ್ಬನಿಗೋಸ್ಕರ ತಲೆತಲಾಂತರದ ಪೂರ್ವಗ್ರಹಕ್ಕೆ ಏಕಾಏಕಿ ಕೈ ಹಾಕಿದರೆ ವಿದ್ಯಾಪ್ರಸಾರಕ್ಕೇ ಧಕ್ಕೆ ಆಗುತ್ತೆ.

ನ್ಯಾಯ ನಿನ್ನ ಕಡೆ ಇದೆ, ಬಾಗಿಲು ಮಾತ್ರ ತೆಗೆಯಲ್ಲ! ಈ ಠರಾವನ್ನ ಬಾಬಾಸಾಹೇಬರು ತಮ್ಮ ಬರಹದಲ್ಲಿ ಎತ್ತಿ ತೋರಿಸಿದ್ದಾರೆ. 1858ರಲ್ಲಿ ಲಂಡನ್ನಿನಿಂದ ಸರ್ಕಾರಿ ಶಾಲೆಗಳು ಎಲ್ಲ ವರ್ಗದವರಿಗೂ ಅನ್ನೋ ಮಾತೂ ಬಂತು. ಕಾಗದದ ಮೇಲೆ ಬಂತು. ಊರಿನ ಶಾಲೆ ಬಾಗಿಲಿಗೆ ಅದು ಬರೋಕೆ ಇನ್ನೂ ಎಷ್ಟೋ ತಲೆಮಾರು ಬೇಕಾಯ್ತು.

ಶಾಲೆ ಬಾಗಿಲು ಮುಚ್ಚಿದಾಗ ಏನಾಯ್ತು? ಮನೆ ಶಾಲೆಯಾಯ್ತು. ನಮ್ಮ ಚರಿತ್ರೆಯ ಈ ಭಾಗವನ್ನ ನಾವು ಮಕ್ಕಳಿಗೆ ಹೇಳೋದೇ ಕಡಿಮೆ.

ಸಾವಿತ್ರಿಬಾಯಿ ಫುಲೆ ಹುಟ್ಟಿದ್ದು 1831ರಲ್ಲಿ. 1840ರಲ್ಲಿ ಮದುವೆ, ಆಗ ಅವರಿನ್ನೂ ಹುಡುಗಿ. ಅಕ್ಷರ ಗೊತ್ತಿರಲಿಲ್ಲ. ದೇಶದ ಹೆಣ್ಣುಮಕ್ಕಳಿಗೆ ಅಕ್ಷರ ಕೊಟ್ಟ ಆ ತಾಯಿಗೆ ಮೊದಲ ಅಕ್ಷರ ಸಿಕ್ಕಿದ್ದು ಮನೆಯಲ್ಲಿ, ಗಂಡ ಜೋತಿರಾವ್ ಹತ್ತಿರ. 1848ರಲ್ಲಿ ಪುಣೆಯ ಭಿಡೆವಾಡೆಯಲ್ಲಿ ಹೆಣ್ಣುಮಕ್ಕಳ ಶಾಲೆ ಶುರುವಾಯ್ತು. ಅದಕ್ಕಾಗಿ ಗಂಡಹೆಂಡತಿ ಇಬ್ಬರೂ ಮನೆ ಬಿಟ್ಟು ಹೊರಡಬೇಕಾಯ್ತು, ಆಸರೆ ಕೊಟ್ಟಿದ್ದು ಉಸ್ಮಾನ್ ಶೇಖ್ ಮನೆ. ಒಬ್ಬ ಹೆಣ್ಣುಮಗಳು ಮನೇಲಿ ಕಲಿತ ಅಕ್ಷರ ಎಲ್ಲಿಗೆ ತಲುಪಿತು ಗೊತ್ತಾ? 1855ರಲ್ಲಿ ಅವರ ಶಾಲೆಯ ಮುಕ್ತಾ ಸಾಳ್ವೆ, ಮಾಂಗ್ ಸಮುದಾಯದ ಎಳೆಯ ಹುಡುಗಿ, ಮಾಂಗ್ ಮಹಾರರ ಸಂಕಟದ ಬಗ್ಗೆ ಪ್ರಬಂಧ ಬರೆದಳು. ‘ಜ್ಞಾನೋದಯ’ ಪತ್ರಿಕೆಯಲ್ಲಿ ಅಚ್ಚಾಯ್ತು. ವೇದ ಬ್ರಾಹ್ಮಣರಿಗೆ ಮಾತ್ರ ಅಂದ ಮೇಲೆ ನಮಗೆ ಧರ್ಮಗ್ರಂಥ ಯಾವುದು, ನಮ್ಮ ಧರ್ಮ ಯಾವುದು ಅಂತ ಕೇಳಿದಳು. ಧಾರವಾಡದ ಹುಡುಗನಿಗೆ ಬಾಗಿಲು ಹಾಕೋಕೆ ಒಂದು ವರ್ಷ ಮೊದಲು, ಅದೇ ಬಾಂಬೆ ಪ್ರಾಂತ್ಯದಲ್ಲಿ, ನಮ್ಮ ಒಬ್ಬ ಹುಡುಗಿ ಅಚ್ಚಿನಲ್ಲಿ ಪ್ರಶ್ನೆ ಕೇಳಿದ್ದಳು. ಒಂದೇ ಒಂದು ಅವಕಾಶ ಸಿಕ್ಕಿದ್ದಕ್ಕೆ!

ಎರಡನೇ ಮನೆ ಸುಬೇದಾರ್ ರಾಮ್‌ಜಿ ಸಕ್ಪಾಲರದ್ದು. ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದಲ್ಲಿ ಸಿಪಾಯಿಗಳಿಗೂ ಅವರ ಗಂಡು ಹೆಣ್ಣು ಮಕ್ಕಳಿಗೂ ಓದು ಕಡ್ಡಾಯ ಇತ್ತು ಅಂತ ಬಾಬಾಸಾಹೇಬರೇ ಬರೆದಿದ್ದಾರೆ. ಊರು ಕೊಡದ ಅಕ್ಷರವನ್ನ ದಂಡು ಕೊಟ್ಟಿತು. ರಾಮ್‌ಜಿ ದಂಡಿನ ಶಾಲೇಲಿ ಮೇಷ್ಟ್ರಾಗಿದ್ದೋರು. ಹಾಗಾಗಿ ಭೀಮರಾವ್ ಶಾಲೆಗೆ ಹೋಗಿ ಗೋಣಿತಾಟಿನ ಮೇಲೆ ಬೇರೆ ಕೂರೋ ಹೊತ್ತಿಗೆ, ನೀರು ಎತ್ತಿ ಹಾಕೋ ಜವಾನ ಇಲ್ಲದ ದಿನ ಬಾಯಾರಿ ಕೂರೋ ಹೊತ್ತಿಗೆ, ಅವರ ಬೆನ್ನಿಗೆ ಓದುಬರಹ ಗೊತ್ತಿದ್ದ ಒಂದು ಮನೆ ಇತ್ತು. ಶಾಲೆ ಅವಮಾನ ಮಾಡಿತು, ಮನೆ ಓದಿಸಿತು.

ಬಾಂಬೆಯ ಪರೇಲ್‌ನ ಚಾಳಿನಲ್ಲಿ ಒಂದೇ ಕೋಣೆ. ಅಡುಗೆ, ಮಲಗೋದು, ಓದು ಎಲ್ಲ ಅಲ್ಲೇ. ರಾಮ್‌ಜಿ ಮಗನನ್ನ ಬೇಗ ಮಲಗಿಸಿ, ತಾವು ರಾತ್ರಿ ಎರಡು ಗಂಟೆವರೆಗೆ ಎದ್ದಿದ್ದು, ಆಗ ಮಗನನ್ನ ಓದೋಕೆ ಎಬ್ಬಿಸಿ ತಾವು ಮಲಗ್ತಿದ್ದರು. ಮಗ ಕೇಳಿದ ಪುಸ್ತಕಕ್ಕೆ ದುಡ್ಡಿಲ್ಲದಾಗ ಮದುವೆಯಾದ ಹೆಣ್ಣುಮಕ್ಕಳ ಹತ್ತಿರ ಹೋಗಿ ಕೇಳ್ತಿದ್ದರು, ಅವರು ಕೊಟ್ಟ ಒಡವೆಯನ್ನ ಗಿರವಿ ಇಡ್ತಿದ್ದರು. ಸಂವಿಧಾನದ ಹಿಂದೆ ಆ ಅಕ್ಕಂದಿರ ಒಡವೆಯೂ ಇದೆ ಅನ್ನೋದನ್ನ ಏಪ್ರಿಲ್ 14ರ ಭಾಷಣಗಳಲ್ಲಿ ಯಾರೂ ಹೇಳಲ್ಲ.

“ಸರಿ ಕಣಪ್ಪ, ರಾಮ್‌ಜಿಗೆ ಓದು ಬರ್ತಿತ್ತು. ನಮಗೆ ಬರಲ್ಲವಲ್ಲ?” ಅಂತ ಕೇಳೋರಿಗೆ ಮೂರನೆಯವರ ಕಥೆ ಹೇಳ್ತೀನಿ. ಕೇರಳದ ಅಯ್ಯಂಕಾಳಿ. ಹುಟ್ಟಿದ್ದು 1863ರಲ್ಲಿ, ಪುಲಯ ಸಮುದಾಯ. ಅವರಿಗೆ ಓದುಬರಹ ಬರ್ತಿರಲಿಲ್ಲ. ಆದರೆ ನಮ್ಮ ಮಕ್ಕಳನ್ನ ಶಾಲೆಗೆ ಸೇರಿಸ್ಕೊಳ್ಳೋವರೆಗೆ ನಿಮ್ಮ ಗದ್ದೆಗೆ ಇಳಿಯಲ್ಲ ಅಂತ ತಿರುವಾಂಕೂರಿನ ಕೂಲಿಗಳನ್ನ ನಿಲ್ಲಿಸಿದರು. ಕೂಲಿ ಜಾಸ್ತಿ ಕೊಡಿ ಅಂತ ಮುಷ್ಕರ ಆಗೋದು ಕೇಳಿದ್ದೀವಿ. ಅಕ್ಷರಕ್ಕೋಸ್ಕರ ಗದ್ದೆ ಬೀಳುಬಿಟ್ಟ ಮುಷ್ಕರ ಅದು. 1910ರಲ್ಲಿ ಪಂಚಮಿ ಅನ್ನೋ ಹುಡುಗಿಯ ಕೈ ಹಿಡ್ಕೊಂಡು ಊರುಟ್ಟಂಬಲಂ ಶಾಲೆಗೆ ಹೋದರು. ಆ ಶಾಲೆಗೇ ಬೆಂಕಿ ಇಟ್ಟರು. ಅಕ್ಷರ ಬಾರದ ಒಬ್ಬ ಮನುಷ್ಯ ಒಂದು ಸೀಮೆಯ ಮಕ್ಕಳಿಗೇ ಅಕ್ಷರದ ದಾರಿ ತೆಗೆದ. ಅಕ್ಷರ ಬಾರದ ತಂದೆತಾಯಿ ಮಗುವಿಗೆ ಏನು ಮಾಡೋಕಾಗುತ್ತೆ ಅನ್ನೋ ಪ್ರಶ್ನೆಗೆ ಉತ್ತರ ಅಲ್ಲಿದೆ.

ನಮ್ಮ ಕನ್ನಡ ನಾಡಲ್ಲೂ ಕೆಲಸ ಆಗಿದೆ. ಮಂಗಳೂರಲ್ಲಿ ಕುದ್ಮುಲ್ ರಂಗರಾವ್ ತಮ್ಮ ಜಾತಿಯವರ ಬಹಿಷ್ಕಾರ ತಡ್ಕೊಂಡು 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿ ನಮ್ಮ ಮಕ್ಕಳಿಗೆ ಶಾಲೆ ನಡೆಸಿದರು. 1928ರಲ್ಲಿ ಬಾಬಾಸಾಹೇಬರು ಡಿಪ್ರೆಸ್ಡ್ ಕ್ಲಾಸಸ್ ಎಜುಕೇಷನ್ ಸೊಸೈಟಿ ಕಟ್ಟಿ ಹಾಸ್ಟೆಲ್‌ಗಳನ್ನ ತೆಗೆದರು. ಅದರಲ್ಲಿ ಒಂದು ಎಲ್ಲಿ ಗೊತ್ತಾ? ಧಾರವಾಡದಲ್ಲಿ. ಆ ಮಹಾರ್ ಹುಡುಗನಿಗೆ ಬಾಗಿಲು ಹಾಕಿದ ಅದೇ ಊರಲ್ಲಿ. ಎಪ್ಪತ್ತು ವರ್ಷ ದಾಟಿದ ಮೇಲೆ.

ಹಾಸ್ಟೆಲ್ ಯಾಕೆ ಬೇಕಿತ್ತು ಯೋಚನೆ ಮಾಡಿ. ಮನೇಲಿ ದೀಪ ಇಲ್ಲ, ಜಾಗ ಇಲ್ಲ, ಹೇಳ್ಕೊಡೋರಿಲ್ಲ, ಸಂಜೆ ಆದ್ರೆ ಗೌಡರ ಮನೆ ದನ ಕಟ್ಟೋಕೆ ಹೋಗಬೇಕು. ಹಾಸ್ಟೆಲ್ ಅಂದ್ರೆ ಊಟ, ಹಾಸಿಗೆ ಮಾತ್ರ ಅಲ್ಲ. ಅಕ್ಷರ ಇಲ್ಲದ ಮನೆಯ ಮಗುವಿಗೆ ಅಕ್ಷರ ಇರುವ ಇನ್ನೊಂದು ಮನೆ. ಹೆಂಡದಂಗಡಿ ಬೇಡ, ವಸತಿ ಶಾಲೆ ಕೊಡಿ ಅಂತ ನಮ್ಮ ದಲಿತ ಸಂಘರ್ಷ ಸಮಿತಿ ಕೂಗಿದ್ದೂ ಇದೇ ಅರ್ಥದಲ್ಲಿ.

ಇನ್ನು ಅಂಕಿ ನೋಡಿ. ಸರ್ಕಾರದ ಜನಗಣತಿಯದ್ದೇ. 1961ರಲ್ಲಿ ದೇಶದ ಪರಿಶಿಷ್ಟ ಜಾತಿಯವರಲ್ಲಿ ಅಕ್ಷರ ಬಲ್ಲವರು ಶೇ. 10.27. ಹೆಣ್ಣುಮಕ್ಕಳಲ್ಲಿ ಶೇ. 3.29. ನೂರು ಜನ ಹೆಣ್ಣುಮಕ್ಕಳನ್ನ ಸಾಲಾಗಿ ನಿಲ್ಲಿಸಿದರೆ ಮೂರೇ ಜನಕ್ಕೆ ಓದು ಬರ್ತಿತ್ತು. 2011ಕ್ಕೆ ಒಟ್ಟು ಶೇ. 66.07, ಹೆಣ್ಣುಮಕ್ಕಳು ಶೇ. 56.46. ಐವತ್ತು ವರ್ಷದಲ್ಲಿ ಇದು ಸಣ್ಣ ದೂರ ಅಲ್ಲ. ಆದರೆ ಈ ಅಂಕಿಗಳನ್ನ ಮನೆಗೆ ತಂದು ನೋಡಿ. 1961ರಲ್ಲಿ ಆರು ವರ್ಷದ ಹುಡುಗಿಯಾಗಿದ್ದವಳು ಇವತ್ತು ನಿಮ್ಮ ಮನೆಯ ಅಜ್ಜಿ. ಅವಳು ಓದಲಿಲ್ಲ ಅಂದ್ರೆ ಅವಳ ತಲೆ ದಡ್ಡ ಅಂತಲ್ಲ. ಅವಳ ಮಗಳು ಅರ್ಧಕ್ಕೆ ಶಾಲೆ ಬಿಟ್ಟಳು. ಮೊಮ್ಮಗಳಿಗೆ ಈಗ ಮೇಷ್ಟ್ರು “ಮನೇಲಿ ಹೇಳ್ಕೊಡಿ” ಅಂತಿದ್ದಾರೆ.

1856ರಲ್ಲಿ ಜಾತಿ ಹೆಸರು ಹೇಳಿ ಬಾಗಿಲು ಹಾಕಿದರು. ಈಗ ಹಾಗೆ ಹೇಳೋಕೆ ಯಾರಿಗೂ ಧೈರ್ಯ ಇಲ್ಲ. ಆದರೆ ಮನೇಲಿ ಅಕ್ಷರ ಇದೆ ಅಂತ ತಿಳ್ಕೊಂಡು ಪಾಠ ಓಡಿಸೋ ಶಾಲೆ, ಮನೇಲಿ ಅಕ್ಷರ ಇಲ್ಲದ ಮಗುವನ್ನ ಮೂರು ತಿಂಗಳಲ್ಲಿ ಕೊನೇ ಬೆಂಚಿಗೆ ತಳ್ಳುತ್ತೆ. ಯಾರೂ ತಳ್ಳಿದ್ದು ಕಾಣಲ್ಲ. ಮಗುವೇ ಹಿಂದೆ ಬಿತ್ತು ಅಂತಾರೆ.

ಹೀಗೇ ಇರಬೇಕು ಅಂತೇನಿಲ್ಲ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, ಆದಿವಾಸಿಗಳೂ ನಮ್ಮವರೂ ಹೆಚ್ಚಿರೋ ಆ ತಾಲ್ಲೂಕಿನಲ್ಲೇ, ಸರ್ಕಾರಿ ಶಾಲೆ ಮೇಷ್ಟ್ರುಗಳು ಸೇರಿ ನಲಿಕಲಿ ಶುರು ಮಾಡಿದರು. ‘ಅ ಆ ಇ ಈ’ ಅಂತ ಸಾಲಾಗಿ ಉರು ಹೊಡೆಸೋದು ಬಿಟ್ಟು ‘ರ ಗ ಸ ದ ಅ’ ಇಂದ ಹೊರಟರು. ಬರೆಯೋಕೆ ಸುಲಭ, ಸುತ್ತು ಸುತ್ತಾಗಿ ಒಂದನ್ನೊಂದು ಹೋಲುತ್ತವೆ. ಈ ಐದೇ ಅಕ್ಷರದಲ್ಲಿ ಸರ, ರಸ, ದರ, ಅರಸ, ಅಗಸ, ಗರಗಸ ಎಲ್ಲ ಓದಬಹುದು. ನಲವತ್ತೊಂಬತ್ತು ಅಕ್ಷರ ಮುಗಿಯೋವರೆಗೆ ಕಾಯಬೇಕಿಲ್ಲ, ಮೊದಲ ವಾರಗಳಲ್ಲೇ ಮಗು “ನಾನು ಓದಿದೆ” ಅನ್ನುತ್ತೆ. ಮನೇಲಿ ಹೇಳ್ಕೊಡೋರಿಲ್ಲ ಅಂತ ಒಪ್ಪಿಕೊಂಡೇ ಪಾಠ ಕಟ್ಟಬಹುದು ಅನ್ನೋದಕ್ಕೆ ನಮ್ಮ ರಾಜ್ಯದಲ್ಲೇ ಸಾಕ್ಷಿ ಇದೆ.

ಹಾಗಂತ ಮನೇಲಿ ಕೈಕಟ್ಟಿ ಕೂರೋಣ ಅಂತ ನಾನು ಹೇಳ್ತಿಲ್ಲ. ಹಕ್ಕನ್ನ ಶಾಲೇಲಿ ಕೇಳೋಣ, ಅಕ್ಷರವನ್ನ ಮನೆಗೂ ತರೋಣ. ಚರಿತ್ರೆಯಿಂದಲೇ ಕಲಿತು ಮಾಡೋ ಕೆಲವು ಕೆಲಸ ಹೇಳ್ತೀನಿ.

ಒಂದು, ಮರಳು. ತಟ್ಟೇಲಿ ಮರಳೋ ರಾಗಿಹಿಟ್ಟೋ ಹರಡಿ ಬೆರಳಲ್ಲಿ ಬರೀಲಿ. ಐದು ವರ್ಷದ ಕೈಗೆ ಪೆನ್ಸಿಲ್ ಭಾರ. ಬಳ್ಳಾರಿಯ ಜಗಲೀಲಿ ನಮಗೆ ಸಿಗದ ಮರಳು ನಮ್ಮ ಮನೆ ಅಂಗಳದಲ್ಲಿ ಇದೆ.

ಎರಡು, ಮಗುವಿನ ಹೆಸರಿಂದ ಶುರು ಮಾಡಿ. ತನ್ನ ಹೆಸರು, ಅವ್ವನ ಹೆಸರು, ಊರಿನ ಹೆಸರು. ‘ಋ’ಗೆ ಋಷಿ, ‘ಜ್ಞ’ಗೆ ಯಜ್ಞ ಅಂತ ಅಂಕಲಿಪಿ ಹೇಳುತ್ತೆ, ಓದಲಿ ಬಿಡಿ. ಜೊತೆಗೆ ‘ಅ’ಗೆ ಅವ್ವ, ‘ತ’ಗೆ ತಮಟೆ, ‘ಭ’ಗೆ ಭೀಮ, ‘ಮ’ಗೆ ಮುಕ್ತಾ ಅಂತ ನಾವೂ ಹೇಳೋಣ.

ಮೂರು, ಓದು ಬರದ ತಾಯಿ ಮಗುವಿನ ವಿದ್ಯಾರ್ಥಿಯಾಗಲಿ. “ಇವತ್ತು ಏನ್ ಕಲ್ತೆ ಮಗಾ? ನಂಗೂ ತೋರ್ಸು” ಅಂತ ದಿನಾ ಹತ್ತು ನಿಮಿಷ ಕೇಳಿ. ಹೇಳ್ಕೊಡೋ ಮಗು ಎರಡು ಸಲ ಕಲಿಯುತ್ತೆ. ನಮ್ಮವ್ವ ರೇಷನ್ ಕಾರ್ಡು, ಬಸ್ಸಿನ ಬೋರ್ಡು, ಸೋಪಿನ ಕವರು ಸಿಕ್ಕಿದ್ದೆಲ್ಲ ನನ್ನ ಕೈಗೆ ಕೊಟ್ಟು “ಏನ್ ಬರ್ದವ್ರೆ ನೋಡು” ಅಂತಿದ್ದಳು. ಅವಳಿಗೆ ಒಂದಕ್ಷರ ಗೊತ್ತಿರಲಿಲ್ಲ. ನನ್ನ ಮೊದಲ ಮೇಷ್ಟ್ರು ಅವಳೇ.

ನಾಲ್ಕು, ದೊಡ್ಡ ಮಕ್ಕಳು ಚಿಕ್ಕವರಿಗೆ ಹೇಳ್ಕೊಡಲಿ. ಏಳನೇ ಕ್ಲಾಸಿನ ಅಕ್ಕ ಒಂದನೇ ಕ್ಲಾಸಿನ ತಮ್ಮನಿಗೆ. ಪ್ರತಿ ಊರಲ್ಲೂ ಅಂಬೇಡ್ಕರ್ ಭವನ ಕಟ್ಟಿಸಿದ್ದೀವಿ, ವರ್ಷದಲ್ಲಿ ಎಷ್ಟು ದಿನ ಬೀಗ ತೆಗೀತೀವಿ? ಸಂಜೆ ಒಂದು ಗಂಟೆ ಲೈಟ್ ಹಾಕಿ ಚಾಪೆ ಹಾಸಿ. ಪರೇಲ್‌ನ ಒಂದು ಕೋಣೆಗಿಂತ ಅದು ದೊಡ್ಡದಾಗಿಯೇ ಇದೆ.

ಐದು, ಹೊಡೀಬೇಡಿ. ಹೊಡೆದರೆ ಅಕ್ಷರಕ್ಕೂ ಹೆದರಿಕೆಗೂ ಗಂಟು ಬೀಳುತ್ತೆ. ನಮ್ಮೋರು ಸಾಕಷ್ಟು ಹೆದರಿದ್ದಾಗಿದೆ.

ಆರು, ಕಾನೂನು ತಿಳ್ಕೊಳ್ಳಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ 13ನೇ ಸೆಕ್ಷನ್ ಪ್ರಕಾರ ಸೇರಿಸ್ಕೊಳ್ಳೋವಾಗ ಮಗುವಿಗಾಗಲಿ ತಂದೆತಾಯಿಗಾಗಲಿ ಪರೀಕ್ಷೆ, ಸಂದರ್ಶನ ಮಾಡಿ ಆರಿಸೋ ಹಾಗಿಲ್ಲ. ಮಾಡಿದರೆ ಮೊದಲ ಸಲ 25,000 ರೂಪಾಯಿವರೆಗೆ ದಂಡ, ಆಮೇಲೆ ಪ್ರತಿ ಸಲ 50,000. 17ನೇ ಸೆಕ್ಷನ್ ಹೊಡೆಯೋದನ್ನ ಮಾತ್ರ ಅಲ್ಲ, ಮಾನಸಿಕ ಹಿಂಸೆಯನ್ನೂ ನಿಷೇಧಿಸುತ್ತೆ. “ನಿಮ್ಮಪ್ಪ ಅಮ್ಮನಿಗೇ ಬರಲ್ಲ, ನಿಂಗೇನ್ ಬರುತ್ತೆ” ಅಂತ ಕ್ಲಾಸಲ್ಲಿ ಯಾರಾದ್ರೂ ಅಂದರೆ ಸುಮ್ಮನೆ ಇರಬೇಡಿ. ಎಸ್‌ಡಿಎಂಸಿ ಸಭೇಲಿ ಎತ್ತಿ, ಬಿಇಒಗೆ ಬರೆದು ಕೊಡಿ. ಹೆಬ್ಬೆಟ್ಟು ಹಾಕಿ ಕೊಟ್ಟರೂ ಅದು ಅರ್ಜಿಯೇ.

ಇನ್ನು ಮೇಷ್ಟ್ರು “ಮನೇಲಿ ಹೇಳ್ಕೊಡಿ” ಅಂದಾಗ ಆ ತಾಯಿ ತಲೆ ತಗ್ಗಿಸಬೇಕಿಲ್ಲ. “ಹೇಳ್ಕೊಡ್ತೀನಿ ಸಾ, ನಂಗೆ ಬರೋದನ್ನ. ನಂಗೆ ಬರದ್ದನ್ನ ನೀವು ಹೇಳ್ಕೊಡಿ. ಅದಕ್ಕೇ ಶಾಲೆ ಇರೋದು” ಅನ್ನಲಿ. ಇದರಲ್ಲಿ ಜಗಳ ಇಲ್ಲ, ಅಗೌರವ ಇಲ್ಲ. ಇನ್ನೂರು ವರ್ಷದ ಲೆಕ್ಕ ಮಾತ್ರ ಇದೆ.

ನಿಮ್ಮ ಮನೆಗೆ ಮೊದಲ ಅಕ್ಷರ ತಂದವರು ಯಾರು? ಅಪ್ಪನೋ, ಅಕ್ಕನೋ, ಹಾಸ್ಟೆಲ್ ವಾರ್ಡನ್ನೋ, ದಂಡಿಗೆ ಹೋಗಿಬಂದ ತಾತನೋ? ಕೆಳಗೆ ಬರೀರಿ. ಅವರ ಹೆಸರು ಯಾವ ಪಠ್ಯಪುಸ್ತಕದಲ್ಲೂ ಬರಲ್ಲ, ನಾವಾದರೂ ಬರೆದಿಡೋಣ. ಓದು ಬರದ ಹಿರಿಯರು ಮನೇಲಿದ್ದರೆ ಈ ಬರಹವನ್ನ ಅವರಿಗೆ ಜೋರಾಗಿ ಓದಿ ಹೇಳಿ.

ಜೈಭೀಮ್. ಜೈ ಸಾವಿತ್ರಿ.